ಗೋಡೆ ಬಿದ್ದದ್ದು ಯಾವ ಕಡೆಗೆ?

ಕೇಳುಗರಿಗೆ ನಮಸ್ಕಾರ. ಬಾನುಲಿಯಲ್ಲಿ, ಸುಂಟರಗಾಳಿ ಕೆಡವಿದ ಕಟ್ಟಡಗಳ ಫೋಟೋಗಳ ಬಗ್ಗೆ ಮಾತನಾಡಲು ಹೊರಟಿದ್ದೇನೆ. ಚಿತ್ರ ತೋರಿಸುವ ಉಪಾಯ ನನ್ನ ಬಳಿ ಇಲ್ಲ, ಮಾತಿನಲ್ಲೇ ಕಾಣಿಸಬೇಕು.

ಅಮೆರಿಕದ ಸೇಂಟ್ ಲೂಯಿಸ್ ನಗರ ಮಿಸಿಸಿಪಿ ನದಿಯ ದಂಡೆಯಲ್ಲಿದೆ. 1764ರಲ್ಲಿ ಫ್ರೆಂಚ್ ವ್ಯಾಪಾರಿಗಳು ಕಟ್ಟಿದ ಊರು ಅದು. ಜೇಡಿಮಣ್ಣು ಅಲ್ಲೇ ಧಾರಾಳವಾಗಿ ಸಿಗುತ್ತಿದ್ದುದರಿಂದ ಬೀದಿಬೀದಿಯಲ್ಲೂ ಕೆಂಪು ಇಟ್ಟಿಗೆಯ ಕಟ್ಟಡಗಳೆದ್ದವು. 1896ರ ಮೇ 27ರ ಸಂಜೆ ಸುಂಟರಗಾಳಿಯೊಂದು ಈ ಊರನ್ನು ಹೊಕ್ಕು, ನದಿ ದಾಟಿ ಆಚೆ ದಡದ ಈಸ್ಟ್ ಸೇಂಟ್ ಲೂಯಿಸನ್ನೂ ಬಡಿಯಿತು. 255 ಮಂದಿ ಸತ್ತರು.

ಛಾಯಾಗ್ರಾಹಕರು ತಡಮಾಡಲಿಲ್ಲ. ಸಿರಿವಂತರ ಮನೆಗಳಿದ್ದ ಲಾಫಯೆಟ್ ಪಾರ್ಕ್, ಛಾವಣಿ ಹಾರಿಹೋದ ಚರ್ಚುಗಳು, ಬೀದಿಗೆ ಸುರಿದ ಇಟ್ಟಿಗೆಯ ರಾಶಿ, ಎಲ್ಲವೂ ಮಾರಾಟದ ಚಿತ್ರಗಳಾದವು. ಮೂರು ವಾರ ಕಳೆಯುವುದರೊಳಗೆ ಅದೇ ಊರಿನಲ್ಲಿ ರಿಪಬ್ಲಿಕನ್ ಪಕ್ಷದ ರಾಷ್ಟ್ರೀಯ ಸಮಾವೇಶವೂ ನಡೆಯಿತು! ಸಾವಿನ ಮನೆಯಲ್ಲೂ ವ್ಯಾಪಾರ, ರಾಜಕೀಯ ಎರಡೂ ನಿಲ್ಲುವುದಿಲ್ಲ.

ಇವುಗಳಲ್ಲಿ ಹೆಚ್ಚು ಹೆಸರಾದದ್ದು ಮಿಸಿಸಿಪಿ ನದಿಯ ಮೇಲಿನ ಈಡ್ಸ್ ಸೇತುವೆಯ ಚಿತ್ರ. ಸುಮಾರು ಎಂಟು ಮಿಲಿಮೀಟರ್ ದಪ್ಪದ ಕಬ್ಬಿಣದ ತಗಡನ್ನು ಪೈನ್ ಮರದ ತುಂಡೊಂದು ತೂರಿಕೊಂಡು ನಿಂತಿದೆ. ಬೆರಗು ಹುಟ್ಟಿಸುವ ಚಿತ್ರ, ನಿಜ. ಆದರೆ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಯಾರೂ ಅಷ್ಟಾಗಿ ಗಮನಿಸದ, ಸಾಮಾನ್ಯ ಮನೆಗಳ ಚಿತ್ರಗಳು. ಗೋಡೆಗಳು ಹೊರಗಡೆಗೆ ಉರುಳಿವೆ. ಒಳಗಿನ ಕೋಣೆಗಳು ಬೀದಿಗೆ ತೆರೆದುಕೊಂಡಿವೆ.

ಇಂಥ ದೃಶ್ಯ ಕಂಡವರು ಸುಂಟರಗಾಳಿಯ ನಡುವೆ ಒತ್ತಡ ಕುಸಿದು, ಮನೆಯೊಳಗಿನ ಗಾಳಿಯೇ ಗೋಡೆಗಳನ್ನು ಸಿಡಿಸುತ್ತದೆ ಎಂದು ನಂಬಿದರು. ಹಾಗಾಗಿಯೇ ಕಿಟಕಿಗಳನ್ನು ತೆರೆದಿಡಿ ಎಂಬ ಬುದ್ಧಿವಾದ ದಶಕಗಳ ಕಾಲ ಚಲಾವಣೆಯಲ್ಲಿತ್ತು. ಅದು ತಪ್ಪು ಎಂದು ಎಂಜಿನಿಯರುಗಳು ಆಮೇಲೆ ತೋರಿಸಿಕೊಟ್ಟರು. ಒಡೆದ ಕಿಟಕಿಯಿಂದ ನುಗ್ಗಿದ ಗಾಳಿ ಒಳಗಿನಿಂದ ಛಾವಣಿಯನ್ನು ಎತ್ತುತ್ತದೆ, ಮೇಲೆ ಬೀಸುವ ಗಾಳಿ ಅದನ್ನು ಸೆಳೆಯುತ್ತದೆ. ಛಾವಣಿ ಹೋದ ಮೇಲೆ ಗೋಡೆಯ ತಲೆಗೆ ಆಸರೆ ಎಲ್ಲಿ? ಅದು ಉರುಳುತ್ತದೆ. ಕಿಟಕಿ ತೆರೆಯಲು ಓಡಾಡುವವನು ನೆಲಮಾಳಿಗೆ ಸೇರುವ ಹೊತ್ತನ್ನು ಕಳೆದುಕೊಳ್ಳುತ್ತಾನೆ, ಅಷ್ಟೆ.

ಸೇಂಟ್ ಲೂಯಿಸಿಗೆ 1927ರಲ್ಲಿ ಮತ್ತೆ ಪೆಟ್ಟು ಬಿತ್ತು, 1959ರಲ್ಲೂ ಬಿತ್ತು. 2025ರ ಮೇ 16ರಂದು ಮತ್ತೊಮ್ಮೆ. ಈ ಸಲ ಉತ್ತರ ಭಾಗದ ಹಳೆಯ ಇಟ್ಟಿಗೆಯ ಮನೆಗಳು ತತ್ತರಿಸಿದವು. ಆದರೆ ಈಗ ಹಾನಿಯನ್ನು ನೋಡುವ ಕಣ್ಣೇ ಬೇರೆ. 1971ರಲ್ಲಿ ಹವಾಮಾನ ವಿಜ್ಞಾನಿ ಟೆಟ್ಸುಯಾ ಫುಜಿಟಾ ಹಾನಿಯನ್ನು ಕಂಡು ಗಾಳಿಯ ಬಲವನ್ನು ಅಂದಾಜಿಸುವ ಮಾಪಕವೊಂದನ್ನು ರೂಪಿಸಿದರು. ಅದರ ಸುಧಾರಿತ ರೂಪದಲ್ಲಿ 2025ರ ಈ ಸುಂಟರಗಾಳಿಗೆ ಸಿಕ್ಕ ದರ್ಜೆ ಇಎಫ್-3, ಅಂದರೆ ಸೊನ್ನೆಯಿಂದ ಐದರವರೆಗಿನ ಮಾಪಕದಲ್ಲಿ ಮೂರು. ಹಾಗೆ ದರ್ಜೆ ಕೊಡುವವರು ಬಿದ್ದ ಗೋಡೆಯನ್ನಷ್ಟೇ ನೋಡುವುದಿಲ್ಲ. ಛಾವಣಿಯನ್ನು ಗೋಡೆಗೆ ಬಿಗಿದದ್ದು ಹೇಗೆ ಎಂದೂ ಹುಡುಕುತ್ತಾರೆ.

ನಮಸ್ಕಾರ.