ಚೆಂಡನ್ನು ಎತ್ತೋಕೆ ಹೋಗಬೇಡಿ

ಎಲ್ಲರಿಗೂ ನಮಸ್ಕಾರ. ಬೆಳಗಾವಿಯಲ್ಲಿ ಗಾಲ್ಫ್ ಮಾತು ಕೇಳೋಕೆ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ನಿಮ್ಮಲ್ಲಿ ಹೆಚ್ಚಿನವರು ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವರು. ಹಾಗಾಗಿ ಕ್ಲಬ್, ಅಂದರೆ ಗಾಲ್ಫ್ ಕೋಲು, ಕೈಗೆ ಬಂದ ಕೂಡಲೇ ಸಿಕ್ಸರ್ ಹೊಡೆಯೋ ಆಸೆ. ಆಟ ಕೆಡೋದೇ ಅಲ್ಲಿ.

ಬೆಳಿಗ್ಗೆ ಕೆಲವು ಹುಡುಗರ ಕೈಗೆ ಸೆವೆನ್ ಐರನ್ ಅನ್ನೋ ಲೋಹದ ತಲೆಯ ಕ್ಲಬ್ ಕೊಟ್ಟು ನೋಡಿದೆ. ಹೆಚ್ಚುಕಮ್ಮಿ ಎಲ್ಲರೂ ಚೆಂಡಿನ ಕೆಳಗೆ ಕ್ಲಬ್ ತೂರಿಸಿ ಅದನ್ನು ಮೇಲೆತ್ತೋಕೆ ಹೋದರು, ಮೈಭಾರ ಬಲಗಾಲಿನ ಮೇಲೇ ಉಳಿಯಿತು, ಕ್ಲಬ್ ಮೊದಲು ನೆಲಕ್ಕೆ ಬಡಿದು ಕೆಂಪು ಮಣ್ಣು ಎದ್ದಿತು, ಚೆಂಡು ಮಾತ್ರ ನಾಲ್ಕು ಹೆಜ್ಜೆ ಉರುಳಿ ನಿಂತಿತು. ಎತ್ತೋ ಕೆಲಸ ನಿಮ್ಮದಲ್ಲ. ಸೆವೆನ್ ಐರನ್‌ನ ಚೆಂಡಿಗೆ ತಾಗೋ ಮುಖ ಸುಮಾರು 30 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ, ಎತ್ತೋದು ಅದರ ಕೆಲಸ. ನೀವು ಭಾರವನ್ನು ಎಡಗಾಲಿಗೆ ತಂದು, ಇಳಿಯುತ್ತಿರುವ ಕ್ಲಬ್‌ನಿಂದಲೇ ಚೆಂಡಿಗೆ ಹೊಡೆಯಿರಿ. ಮೊದಲು ಚೆಂಡು, ಆಮೇಲೆ ಹುಲ್ಲು. ಸರಿಯಾಗಿ ಹೊಡೆದಿದ್ದರೆ ಹುಲ್ಲು ಕಿತ್ತ ಗುರುತು ಚೆಂಡಿದ್ದ ಜಾಗಕ್ಕಿಂತ ಮುಂದೆ ಇರುತ್ತದೆ. ಯಾರನ್ನೂ ಕೇಳಬೇಕಿಲ್ಲ, ನೆಲ ನೋಡಿದರೆ ಸಾಕು.

ಇನ್ನು ಹಿಡಿತ. ಕ್ಲಬ್ ಎಡಗೈ ಬೆರಳುಗಳ ಬುಡದಲ್ಲಿ ಕೂರಬೇಕು, ಅಂಗೈ ಮಧ್ಯದಲ್ಲಲ್ಲ. ಬಲಗೈ ಕಿರುಬೆರಳನ್ನು ಎಡಗೈಯ ತೋರುಬೆರಳು, ನಡುಬೆರಳಿನ ಸಂದಿಯ ಮೇಲೆ ಇಡಿ. ಬಾಯಿ ತೆರೆದ ಪೇಸ್ಟ್ ಟ್ಯೂಬನ್ನು ಪೇಸ್ಟ್ ಹೊರಬರದ ಹಾಗೆ ಹಿಡೀತೀವಲ್ಲ, ಅಷ್ಟು ಬಿಗಿ ಸಾಕು. ಜಾಸ್ತಿ ಬಿಗಿದರೆ ಮಣಿಕಟ್ಟು ತಿರುಗಲ್ಲ, ಕ್ಲಬ್‌ನ ಮುಖ ಬಲಕ್ಕೆ ತೆರೆದೇ ಉಳಿಯುತ್ತದೆ, ಚೆಂಡು ಬಲಕ್ಕೆ ಬಾಗಿ ಹೋಗುತ್ತದೆ. ಅದೇ ಸ್ಲೈಸ್. ಅದನ್ನು ಸರಿಮಾಡೋಕೆ ಇನ್ನೂ ಜೋರಾಗಿ ಬೀಸಿದರೆ ಇನ್ನೂ ಬಲಕ್ಕೆ ಹೋಗುತ್ತದೆ, ನೋಡಿ ಬೇಕಾದರೆ!

ಈಗ ಒಂದು ಲೆಕ್ಕ. ಪಾರ್ 72ರ, ಅಂದರೆ 72 ಹೊಡೆತದಲ್ಲಿ ಮುಗಿಸಬೇಕು ಅನ್ನೋ ಲೆಕ್ಕದ ಕೋರ್ಸ್‌ನಲ್ಲಿ 18 ಹೋಲ್, ಅಂದರೆ ಚೆಂಡು ಬೀಳಿಸೋ ಕುಳಿ. ಒಂದೊಂದಕ್ಕೆ ಎರಡು ಪಟ್, ಅಂದರೆ ಚೆಂಡನ್ನು ಕುಳಿಗೆ ಉರುಳಿಸೋ ಮೆಲು ಹೊಡೆತ, ಅಂತ ಹಿಡಿದರೆ 36 ಆಯಿತು. ಅಂದರೆ ಅರ್ಧ ಆಟ ಕುಳಿ ಸುತ್ತಲಿನ ನುಣುಪು ಹುಲ್ಲು, ಅದೇ ಗ್ರೀನ್, ಅದರ ಮೇಲೇ ಮುಗಿಯುತ್ತದೆ. ಹೋಲ್ ಶುರುಮಾಡೋ ಮುನ್ನೂರು ಗಜದ ಉದ್ದ ಹೊಡೆತ, ಡ್ರೈವ್‌ಗೂ ಒಂದೇ ಸ್ಟ್ರೋಕ್, ಗೇಣುದ್ದದ ಪಟ್‌ಗೂ ಒಂದೇ ಸ್ಟ್ರೋಕ್. ಬೆಂಗಳೂರಿನ ಅದಿತಿ ಅಶೋಕ್ ಇದಕ್ಕೆ ಸಾಕ್ಷಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರ ಡ್ರೈವ್ ಎಷ್ಟೋ ಜನರಿಗಿಂತ ಗಿಡ್ಡ, ಆದರೂ ಪಟ್ಟರ್ ನಂಬಿಕೊಂಡು ಕೊನೆಯ ಹೋಲ್‌ವರೆಗೆ ಪದಕದ ಪೈಪೋಟಿಯಲ್ಲಿದ್ದರು. ಒಂದೇ ಒಂದು ಸ್ಟ್ರೋಕ್‌ನಿಂದ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ನಾಲ್ಕನೇ ಸ್ಥಾನ. ಅವತ್ತು ಬೆಳಿಗ್ಗೆ ಗಾಲ್ಫ್ ಅಂದರೇನು ಅಂತ ಗೊತ್ತಿಲ್ಲದವರೂ ಟಿವಿ ಮುಂದೆ ಕೂತಿದ್ದರು, ಅಲ್ವಾ?

ಬದುಕಿನ ಬಗ್ಗೆಯೂ ಹೇಳಿ ಅಂದಿದ್ದಾರೆ. ದೊಡ್ಡ ಮಾತು ನನಗೆ ಬರಲ್ಲ. ಆದರೆ ಇದನ್ನು ಯೋಚಿಸಿ: ಒಂದು ಸುತ್ತು ಆಡೋಕೆ ನಾಲ್ಕು ಗಂಟೆ ಮೇಲೇ ಬೇಕು. ಒಂದು ಹೊಡೆತಕ್ಕೆ ಎರಡು ಸೆಕೆಂಡ್ ಅಂತ ಹಿಡಿದರೂ 72 ಹೊಡೆತಕ್ಕೆ ಎರಡೂವರೆ ನಿಮಿಷ ಆಗಲ್ಲ. ಉಳಿದಿದ್ದೆಲ್ಲ ಸುಮ್ನೆ ನಡೆಯೋದು, ಕಾಯೋದು. ಆಗ ತಲೆಯಲ್ಲಿ ಏನು ಓಡುತ್ತದೆ ಅನ್ನೋದೇ ನಿಜವಾದ ಆಟ. ಚೆಂಡು ಮರಗಳ ಸಂದಿಗೆ ಹೋಯಿತು ಅನ್ನಿ, ಸಿಟ್ಟಲ್ಲಿ ಅಲ್ಲಿಂದಲೇ ಗ್ರೀನ್‌ಗೆ ಹೊಡೆಯೋಣ ಅನಿಸುತ್ತದೆ. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರುತ್ತಾ? ಪಕ್ಕಕ್ಕೆ ಮೆಲ್ಲಗೆ ತಳ್ಳಿ ಹೊರಗೆ ಬನ್ನಿ. ಒಂದು ಸ್ಟ್ರೋಕ್ ಹೋಗುತ್ತದೆ, ಹೋಗಲಿ. ನಾನು ಹತ್ತು ಹೆಜ್ಜೆ ನಡೆಯೋವರೆಗೆ ಮನಸ್ಸಿನಲ್ಲೇ ಬೈದುಕೊಳ್ಳುತ್ತೇನೆ. ಹನ್ನೊಂದನೇ ಹೆಜ್ಜೆಗೆ ಗಾಳಿ ಯಾವ ಕಡೆ ಅಂತ ನೋಡೋಕೆ ಶುರು.

ವೃತ್ತಿಯಾಗಿ ಆಡೋ ಆಸೆ ಇರುವವರಿಗೆ ಒಂದು ಕಹಿ ವಿಷಯ. ನಾಲ್ಕು ದಿನದ ಟೂರ್ನಿಯಲ್ಲಿ ಸಾಮಾನ್ಯವಾಗಿ ಎರಡು ದಿನದ ನಂತರ ಕಟ್, ಅಂದರೆ ಹಿಂದೆ ಬಿದ್ದವರನ್ನು ಹೊರಗಿಡೋ ಗೆರೆ, ಇರುತ್ತದೆ. ಅದರೊಳಗೆ ಬರದವರಿಗೆ ಬಹುಮಾನದ ಹಣ ಸಿಗೋದು ಕಷ್ಟ, ಬಸ್ಸು, ಲಾಡ್ಜು, ಕ್ಲಬ್ ಚೀಲ ಹೊರೋ ಕ್ಯಾಡಿ ಎಲ್ಲ ಸ್ವಂತ ಖರ್ಚು. ಹಾಗಂತ ಇದು ಶ್ರೀಮಂತರಿಗೆ ಮಾತ್ರ ಅಂತ ನಾನು ಒಪ್ಪಲ್ಲ. ಬೆಂಗಳೂರಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಮೊದಲೇ 14 ಕ್ಲಬ್‌ಗಳ ಸೆಟ್ ಕೊಳ್ಳಬೇಡಿ. ಹಳೆಯ ಸೆವೆನ್ ಐರನ್ ಒಂದು, ಪಟ್ಟರ್ ಒಂದು ಸಾಕು. ಮಳೆಗಾಲದಲ್ಲಿ ಈ ಊರಲ್ಲಿ ಹೊರಗೆ ಕಾಲಿಡೋಕಾಗಲ್ಲ, ಆಗ ಮನೆಯಲ್ಲೇ ಚಾಪೆ ಹಾಸಿ ಲೋಟಕ್ಕೆ ಪಟ್ ಮಾಡಿ.

ಈಗ ಪ್ರಶ್ನೆ ಕೇಳಿ. ಎಡಗೈಯವರು ಯಾರಾದರೂ ಇದ್ದರೆ ಮುಂದೆ ಬನ್ನಿ, ನಾನು ಹೇಳಿದ್ದನ್ನೆಲ್ಲ ತಿರುಗಿಸಿ ತೋರಿಸಬೇಕು.