ರೊಟ್ಟಿ ಉಂಡರಷ್ಟೇ ಸಾಲದು, ಕರುಳು ಹೀರಬೇಕು

ಕೇಳುಗ ಬಂಧುಗಳೇ, ನಮಸ್ಕಾರ.

ಹತ್ತಿ ಬಿಡಿಸುವ ದಿನಗಳಲ್ಲಿ ರಾಯಚೂರು, ಮಾನ್ವಿ ಕಡೆಯ ಹೊಲಗಳಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇರುತ್ತವೆ. ಗಟ್ಟಿ ಊಟ. ಆದರೂ ಅದನ್ನು ಉಣ್ಣುವ ಎಷ್ಟೋ ಹೆಣ್ಣುಮಕ್ಕಳಿಗೆ ರಕ್ತಹೀನತೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಕಣ್ಣಿನ ಕೆಳರೆಪ್ಪೆಯ ಒಳಗೆ ಬಿಳಿಚಿದ ಬಣ್ಣ. ಮುಟ್ಟಿನ ಅತಿಸ್ರಾವ, ಬೆನ್ನುಬೆನ್ನಿಗೆ ಹೆರಿಗೆ, ಕೊಕ್ಕೆಹುಳು ಎಲ್ಲವೂ ಇದಕ್ಕೆ ಕಾರಣ. ನಾನು ಇವತ್ತು ಹೇಳುವುದು ಕರುಳಿನೊಳಗಿನ ಒಂದು ಕಾರಣವನ್ನು ಮಾತ್ರ. ಅದನ್ನು ಮನೆಯಲ್ಲೇ ಸರಿಪಡಿಸಿಕೊಳ್ಳಬಹುದು.

ರೊಟ್ಟಿ ಬಾಯಲ್ಲಿರುವಾಗಲೇ ಜೊಲ್ಲು ಅದರ ಪಿಷ್ಟವನ್ನು ಒಡೆಯತೊಡಗುತ್ತದೆ. ಬ್ಯಾಳಿಯ ಪ್ರೋಟೀನನ್ನು ಜಠರದ ಆಮ್ಲ ಸಡಿಲಿಸುತ್ತದೆ. ಮುಂದಿನದ್ದು ಸಣ್ಣ ಕರುಳಿನ ಕೆಲಸ. ಸುಮಾರು 6 ಮೀಟರ್ ಉದ್ದದ ಆ ಕೊಳವೆಗೆ ಯಕೃತ್ತಿನ ಪಿತ್ತರಸ, ಮೇದೋಜೀರಕ ಗ್ರಂಥಿಯ ರಸ ಬಂದು ಸೇರುತ್ತವೆ. ಪಿಷ್ಟ ಸಕ್ಕರೆಯಾಗುತ್ತದೆ, ಪ್ರೋಟೀನು ಅಮೈನೋ ಆಮ್ಲವಾಗುತ್ತದೆ, ಶೇಂಗಾದ ಎಣ್ಣೆ ಕೊಬ್ಬಿನಾಮ್ಲವಾಗುತ್ತದೆ. ಕರುಳಿನ ಒಳಗೋಡೆಯ ತುಂಬ ಬೆರಳಿನಂಥ ಪುಟ್ಟ ಪುಟ್ಟ ಎಳೆಗಳಿವೆ. ಎತ್ತರ ಒಂದು ಮಿಲಿಮೀಟರಿನಷ್ಟೂ ಇರುವುದು ಕಷ್ಟ. ಅವುಗಳ ಮೂಲಕವೇ ಎಲ್ಲವೂ ಮೈಗೆ ಸೇರಬೇಕು. ಆ ಹೊದಿಕೆಯ ಕೋಶಗಳು 3ರಿಂದ 5 ದಿನದಲ್ಲಿ ಉದುರಿ ಹೊಸವು ಬರುತ್ತವೆ. ಅಷ್ಟು ದುಡಿಮೆ ಅಲ್ಲಿದೆ.

ರಕ್ತಕ್ಕೆ ಬೇಕಾದ ಕಬ್ಬಿಣಾಂಶವನ್ನು ಮುಖ್ಯವಾಗಿ ಹೀರುವುದು ಈ ಕರುಳಿನ ಮೊದಲ ಭಾಗ, ಸುಮಾರು 25 ಸೆಂಟಿಮೀಟರ್ ಉದ್ದದ್ದು. ಮಾಂಸದ ಕಬ್ಬಿಣ ಸುಲಭವಾಗಿ ಒಳಗೆ ಹೋಗುತ್ತದೆ. ಕಾಳು, ಸೊಪ್ಪಿನ ಕಬ್ಬಿಣ ಹಾಗಲ್ಲ. ಮೊದಲು ಕರಗಬೇಕು, ರೂಪ ಬದಲಿಸಬೇಕು. ಜೋಳ, ಬ್ಯಾಳಿಗಳಲ್ಲಿರುವ ಫೈಟೇಟ್ ಎಂಬ ಅಂಶ ಅದನ್ನು ಹಿಡಿದಿಡುತ್ತದೆ. ಅದರ ಮೇಲೆ ಉಂಡ ಕೈ ತೊಳೆದ ಕೂಡಲೇ ಚಹಾ ಬಂದರೆ, ಚಹಾಕ್ಕೆ ಒಗರು ಕೊಡುವ ಟ್ಯಾನಿನ್ ಕೂಡ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ಹೀಗಾದಾಗ ಕರುಳು ಹೀರುವ ಪ್ರಮಾಣ ಅರ್ಧಕ್ಕಿಂತಲೂ ಕಡಿಮೆಯಾಗಬಹುದು. ಉಳಿದದ್ದು ಮಲದೊಂದಿಗೆ ಹೊರಗೆ. ರಕ್ತ ಕಡಿಮೆಯಿರುವ ಹೆಣ್ಣುಮಗಳ ಕರುಳು ಹೆಚ್ಚು ಕಬ್ಬಿಣ ಹೀರಲು ತಾನಾಗಿಯೇ ಸಿದ್ಧವಾಗಿರುತ್ತದೆ. ಅಂಥ ಹೊತ್ತಿನಲ್ಲೇ ನಾವು ಅಡ್ಡಗಟ್ಟುತ್ತೇವಲ್ಲ ಎಂದು ನನಗೆ ಸಂಕಟವಾಗುತ್ತದೆ.

ಹೊಲದ ದಣಿವಿಗೆ ಚಹಾ ಬೇಕು, ಬಿಡಿ ಎನ್ನುವುದಿಲ್ಲ ತಾಯಂದಿರೇ. ಉಂಡು ಒಂದು ತಾಸಾದ ಮೇಲೆ ಕುಡಿಯಿರಿ. ಪಲ್ಯದ ಮೇಲೆ ಲಿಂಬಿಹಣ್ಣು ಹಿಂಡಿಕೊಳ್ಳಿ. ಅದರ ಸಿ ಜೀವಸತ್ವ ಕಬ್ಬಿಣವನ್ನು ಕರುಳು ಹೀರುವ ರೂಪಕ್ಕೆ ತರುತ್ತದೆ. ಕುದಿಸಿದರೆ ಆ ಸತ್ವ ನಷ್ಟವಾಗುವುದರಿಂದ ಉಣ್ಣುವಾಗಲೇ ಹಿಂಡಬೇಕು. ಲಿಂಬಿ ತುಟ್ಟಿಯಾದಾಗ ಪೇರಲ ಹಣ್ಣು ನಡೆಯುತ್ತದೆ. ಹೆಸರುಕಾಳು ಮೊಳಕೆ ಬಂದರೆ ಫೈಟೇಟ್ ಕಡಿಮೆಯಾಗುತ್ತದೆ.

ಬಸುರಿಯರಿಗೆ ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣಾಂಶದ ಕೆಂಪು ಮಾತ್ರೆಗೂ ಇದೇ ನಿಯಮ. ದಿನಕ್ಕೊಂದರಂತೆ 180 ದಿನ. ನೀರು ಇಲ್ಲವೇ ಲಿಂಬು ಪಾನಕದೊಂದಿಗೆ ನುಂಗಿ, ಚಹಾ, ಹಾಲಿನೊಂದಿಗೆ ಬೇಡ. ಕ್ಯಾಲ್ಸಿಯಂ ಮಾತ್ರೆಯನ್ನು ಎರಡು ತಾಸು ಬಿಟ್ಟು ತೆಗೆದುಕೊಳ್ಳಿ. ಮಾತ್ರೆ ಶುರುವಾದ ಮೇಲೆ ಮಲ ಕಪ್ಪಾಗುತ್ತದೆ. ಅದು ಹೀರದೆ ಉಳಿದ ಕಬ್ಬಿಣ. ಹೆದರಿ ಮಾತ್ರೆ ಬಿಡಬೇಡಿ. ಹೊಟ್ಟೆ ತೊಳಸಿದರೆ ರಾತ್ರಿ ಊಟದ ನಂತರ ನುಂಗಿ ನೋಡಿ. ಆಗಲೂ ಆಗದಿದ್ದರೆ ನಿಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ ಕೇಳಿ.

ನಮಸ್ಕಾರ.