ಹಾಡು ಪುಕ್ಕಟೆ, ಟಿಕೆಟ್ ದುಬಾರಿ

ಕೇಳುಗರಿಗೆಲ್ಲ ನಮಸ್ಕಾರ. ಮೊಬೈಲಿನಲ್ಲಿ ಹಾಡು ಪುಕ್ಕಟೆ ಸಿಗುತ್ತದೆ. ಅದನ್ನು ಹಾಡಿದವರೇ ಬೆಂಗಳೂರಲ್ಲಿ ವೇದಿಕೆ ಹತ್ತಿದರೆ ಟಿಕೆಟ್‌ಗೆ ಸಾವಿರಾರು ರೂಪಾಯಿ. ಯಾಕೆ ಹೀಗೆ ಅಂತ ನನ್ನನ್ನು ಕೇಳುವವರು ಬಹಳ. ಉತ್ತರ ಒಂದೇ: ಹಾಡು ಪುಕ್ಕಟೆ ಆಗಿದ್ದಕ್ಕೇ ಟಿಕೆಟ್ ದುಬಾರಿ ಆಯಿತು.

ಹಾಸನದ ನಮ್ಮ ಬೀದಿಯ ಗಣಪತಿ ಸಮಿತಿಯಲ್ಲಿ ಕಳೆದ ವರ್ಷ ಇದೇ ಜಗಳ. ಆರ್ಕೆಸ್ಟ್ರಾದವರ ರೇಟು ಕೇಳಿದ್ದೇ ತಡ, ಖಜಾಂಚಿಗಳು ರಸೀದಿ ಪುಸ್ತಕ ಮಡಚಿಟ್ಟರು. “ಅವರು ಹಾಡೋ ಹಾಡೆಲ್ಲ ನನ್ನ ಪೆನ್‌ಡ್ರೈವ್‌ನಲ್ಲೇ ಇದೆ ಮೇಷ್ಟ್ರೇ. ಎರಡು ಬಾಕ್ಸ್ ಇಟ್ಟು ಹಾಕಿದರೆ ಆಯ್ತಲ್ಲ!” ಹಾಕಿದೆವು. ಜನ ಬಂದರು, ಪ್ರಸಾದದ ದೊನ್ನೆ ಹಿಡಿದು ಹಾಗೇ ಮನೆಗೆ ಹೋದರು. ಕುರ್ಚಿ ಬಾಡಿಗೆ ದಂಡ. ಮಾರನೇ ದಿನ ಪಕ್ಕದ ಬೀದಿಯಲ್ಲಿ ಆರ್ಕೆಸ್ಟ್ರಾ. ಕಾಲಿಡಲು ಜಾಗವಿಲ್ಲ. ನೋಡಿದರೆ ಮುಂದಿನ ಸಾಲಿನಲ್ಲಿ ನಮ್ಮ ಖಜಾಂಚಿಗಳೇ ಕೂತು “ಒನ್ಸ್ ಮೋರ್” ಅಂತ ಕೂಗುತ್ತಿದ್ದಾರೆ! ಪೆನ್‌ಡ್ರೈವ್‌ನಲ್ಲಿದ್ದ ಅದೇ ಹಾಡಿಗೆ, ಸ್ವಾಮಿ.

ಇಷ್ಟೇ ವಿಷಯ. ಕ್ಯಾಸೆಟ್ ಕಾಲದಲ್ಲಿ ಕಾರ್ಯಕ್ರಮ ಅನ್ನುವುದು ಕ್ಯಾಸೆಟ್‌ಗೆ ಪ್ರಚಾರ. ಟಿಕೆಟ್ ಕಡಿಮೆ ಇಟ್ಟು ಜನ ಸೇರಿಸಿದರೆ ಕ್ಯಾಸೆಟ್ ಮಾರಾಟದಲ್ಲಿ ದುಡ್ಡು ಬರುತ್ತಿತ್ತು. 1999ರಲ್ಲಿ ಅಮೆರಿಕದಲ್ಲಿ ನ್ಯಾಪ್‌ಸ್ಟರ್ ಅನ್ನುವ ಇಂಟರ್‌ನೆಟ್ ಸೇವೆ ಬಂತು. ಜನ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹಾಡು ಪುಕ್ಕಟೆ ಹಂಚಿಕೊಳ್ಳತೊಡಗಿದರು. 2001ರಲ್ಲಿ ಅದು ಮುಚ್ಚಿತು, ಹಂಚುವ ಚಟ ಹೋಗಲಿಲ್ಲ. ಮರುವರ್ಷವೇ ಗಾಯಕ ಡೇವಿಡ್ ಬೋವಿ ಹೇಳಿಬಿಟ್ಟರು: ಸಂಗೀತ ಇನ್ನು ನಲ್ಲಿ ನೀರಿನ ಹಾಗೆ, ಊರೂರು ತಿರುಗಿ ಹಾಡಲು ತಯಾರಾಗಿ ಅಂತ. ಈಗ ಹಾಡೇ ಕಾರ್ಯಕ್ರಮಕ್ಕೆ ಪ್ರಚಾರ. ದುಡ್ಡು ಬರಬೇಕಾದ್ದು ಟಿಕೆಟ್‌ನಿಂದ.

ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ ಲೆಕ್ಕ ಹಾಕಿದ್ದಾರೆ. 1996ರಿಂದ 2003ರೊಳಗೆ ಅಮೆರಿಕದಲ್ಲಿ ಟಿಕೆಟ್‌ನ ಸರಾಸರಿ ಬೆಲೆ ಶೇಕಡಾ 82 ಏರಿತು. ಅದೇ ಅವಧಿಯಲ್ಲಿ ಅಲ್ಲಿ ಎಲ್ಲ ಸಾಮಾನು-ಸೇವೆಗಳ ಒಟ್ಟಾರೆ ಬೆಲೆ ಏರಿದ್ದು ಶೇಕಡಾ 17 ಮಾತ್ರ. ಮತ್ತೆ ಹೇಳುತ್ತೇನೆ, ಹಾಡು ಪುಕ್ಕಟೆ ಆಗಿದ್ದಕ್ಕೇ ಟಿಕೆಟ್ ದುಬಾರಿ. “ಕಲಾವಿದರಿಗೆ ದುರಾಸೆ” ಅಂತ ಸುಮ್ನೆ ಬೈಯಬೇಡಿ.

ಯಾರಿಗೆ ಲಾಭ ಅನ್ನುವುದನ್ನೂ ವಿವರಿಸಬೇಕಿತ್ತು, ಸಮಯ ಸಾಲದು. 2003ರ ಹೊತ್ತಿಗೆ ಅಮೆರಿಕದಲ್ಲಿ ಟಿಕೆಟ್ ದುಡ್ಡಿನ ಅರ್ಧಕ್ಕಿಂತ ಜಾಸ್ತಿ, ಅತಿ ಹೆಚ್ಚು ಗಳಿಸುವ ನೂರಕ್ಕೆ ಒಬ್ಬ ಕಲಾವಿದರ ಕಾರ್ಯಕ್ರಮಗಳಿಗೇ ಹೋಗುತ್ತಿತ್ತು. ನಮ್ಮ ಜಿಲ್ಲೆಯ ಆರ್ಕೆಸ್ಟ್ರಾ ಹುಡುಗರು ಆ ಒಬ್ಬರಲ್ಲಿ ಸೇರಿದವರಲ್ಲ. ಅವರ ಹತ್ತಿರ ಚೌಕಾಸಿ ಸ್ವಲ್ಪ ಕಡಿಮೆ ಮಾಡಿ, ಅಡ್ವಾನ್ಸ್ ಬೇಗ ಕೊಡಿ. ನಮಸ್ಕಾರ.